ಹೊಳೆಯ ಬಳಚಿಗೂ ಒಂದು ಲೆಕ್ಕದ ವಹಿ ಬೇಕು

2024ರ ಜನವರಿ 31ರಂದು ಕೇಂದ್ರ ಸರ್ಕಾರ ದೇಶದ ಐದು ಜೌಗು ಪ್ರದೇಶಗಳು ರಾಮ್ಸಾರ್ ಪಟ್ಟಿಗೆ ಸೇರಿದವು ಎಂದು ಪ್ರಕಟಿಸಿತು. ಅದರಲ್ಲಿ ಮೂರು ನಮ್ಮ ಕರ್ನಾಟಕದವು. ಒಂದು ನಮ್ಮ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ, ಇನ್ನೊಂದು ವಿಜಯನಗರ ಜಿಲ್ಲೆಯ ಅಂಕಸಮುದ್ರ, ಮೂರನೆಯದು ಉತ್ತರ ಕನ್ನಡದ ಅಘನಾಶಿನಿ ಅಳಿವೆ. ಮಾಗಡಿ ಕೆರೆ ಸುಮಾರು 54 ಹೆಕ್ಟೇರ್, ಅಘನಾಶಿನಿ ಅಳಿವೆ 4,801 ಹೆಕ್ಟೇರ್. ಮಾಗಡಿಯ ಹೆಬ್ಬಾತುಗಳ ಬಗ್ಗೆ ನಮ್ಮ ಕಡೆ ಎಲ್ಲರೂ ಮಾತಾಡ್ತಾರೆ. ಅದೇ ದಿನ, ಅದೇ ಪಟ್ಟಿಯಲ್ಲಿ ನಮ್ಮ ಜೊತೆ ಹೆಸರು ಬಂದ ಅಘನಾಶಿನಿ ಬಗ್ಗೆ ನಾವು ಯೋಚಿಸಿದ್ದು ಕಡಿಮೆ. ಈ ವಾರ ಅದರ ಬಗ್ಗೆ ಬರೀತೀನಿ. ಯಾಕಂದ್ರೆ ಅಲ್ಲಿ ನಡೆಯುತ್ತಿರುವ ಒಂದು ಕೆಲಸದಿಂದ ಗದಗ ಜಿಲ್ಲೆಯ ರೈತರು ಕಲಿಯೋದು ಬಹಳ ಇದೆ.

ಆ ಕೆಲಸ ಬಳಚು ಬಗೆಯುವುದು. ತುಂಗಭದ್ರೆಯ ದಂಡೆಯಲ್ಲಿ ಆಡಿ ಬೆಳೆದ ಮುಂಡರಗಿ ಕಡೆಯವರಿಗೆ ಕಪ್ಪೆಚಿಪ್ಪು ಗೊತ್ತಿರುತ್ತದೆ. ಬಳಚು ಅದರ ಸಂಬಂಧಿ. ಎರಡು ಚಿಪ್ಪಿನ ನಡುವೆ ಮೆತ್ತನೆಯ ಮಾಂಸ ಇರುತ್ತದೆ. ಸಿಹಿನೀರು, ಉಪ್ಪುನೀರು ಕೂಡುವ ಜಾಗದಲ್ಲಿ ಮರಳು, ಕೆಸರಿನೊಳಗೆ ಹುದುಗಿಕೊಂಡು ಬದುಕುತ್ತದೆ. ಮಂಗಳೂರು ಕಡೆ ಇದಕ್ಕೆ ಮರುವಾಯಿ ಅಂತಾರೆ. ಇದನ್ನು ಯಾರೂ ಬಿತ್ತಿಲ್ಲ, ಯಾರೂ ಗೊಬ್ಬರ ಹಾಕಿಲ್ಲ. ಹೊಳೆ ಕೊಡುತ್ತದೆ, ಜನ ತರುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಕಾಡಿನದಾಗಲಿ, ಹೊಳೆಯದಾಗಲಿ, ಬಿತ್ತದೆ ತರುವ ಯಾವುದೇ ಫಸಲಿಗೆ ನಿಯಮ ಬೇಕೇ ಬೇಕು. ಆದರೆ ನಿಯಮಕ್ಕಿಂತ ಮೊದಲು ಲೆಕ್ಕ ಬೇಕು, ಮತ್ತು ಆ ಲೆಕ್ಕ ತರುವವರ ಕೈಯಲ್ಲೇ ಇರಬೇಕು. ಲೆಕ್ಕ ಇಲ್ಲದ ಕಡೆ ನಿಯಮವನ್ನು ಬೇರೆಯವರು ಬರೀತಾರೆ. ಆ ನಿಯಮ ನಮ್ಮ ಹೊಟ್ಟೆಯ ಮೇಲೆ ಬರುತ್ತದೆ.

ಇಳಿತದ ಹೊತ್ತಿನ ದುಡಿಮೆ

ಅಘನಾಶಿನಿ ಶಿರಸಿ ಕಡೆ ಹುಟ್ಟಿ, ಅಣೆಕಟ್ಟಿಲ್ಲದೆ ಹರಿದು, ಕುಮಟಾ ತಾಲ್ಲೂಕಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಸೇರುವ ಮುಂಚೆ ಅಗಲವಾಗಿ ಹರಡಿಕೊಳ್ಳುವ ಆ ಜಾಗವೇ ಅಳಿವೆ. ದಡದಲ್ಲಿ ತದಡಿ, ಮಿರ್ಜಾನ, ದೀವಗಿ, ಹಿರೇಗುತ್ತಿಯಂಥ ಊರುಗಳಿವೆ. ಗಜನಿ ಭೂಮಿಯಲ್ಲಿ ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವುದೂ ಇಲ್ಲೇ. ಸಾವಯವದ ಮಾತು ಬಂದಾಗಲೆಲ್ಲ ನಮ್ಮಂಥವರು ಆ ತಳಿಯ ಹೆಸರು ಹೇಳ್ತೇವೆ.

ಸಮುದ್ರ ಇಳಿದಾಗ ಅಳಿವೆಯ ನೀರು ಹಿಂದೆ ಸರಿದು ಮರಳು, ಕೆಸರಿನ ದಿಬ್ಬಗಳು ಮೇಲೆ ಕಾಣುತ್ತವೆ. ಆಗ ಹೆಣ್ಣುಮಕ್ಕಳು ಬುಟ್ಟಿ ಹಿಡಿದು ಇಳಿಯುತ್ತಾರೆ. ಕೈಯಿಂದ, ಕಾಲಿನಿಂದ ತಡವಿ ಬಳಚು ಹೆಕ್ಕುತ್ತಾರೆ. ನೀರು ಆಳ ಇರುವಲ್ಲಿ ಗಂಡಸರು ದೋಣಿಯಲ್ಲಿ ಹೋಗಿ ಮುಳುಗಿ ತರುತ್ತಾರೆ. ನೀರು ಮತ್ತೆ ಏರುವುದರೊಳಗೆ ಕೆಲಸ ಮುಗಿಯಬೇಕು. ತಂದದ್ದರಲ್ಲಿ ಮನೆಗಿಷ್ಟು, ಉಳಿದದ್ದು ಸುತ್ತಲಿನ ಸಂತೆಗೆ, ದೂರದ ಗೋವಾಕ್ಕೆ. ಬಂಡವಾಳ ಅಂದರೆ ಒಂದು ಬುಟ್ಟಿ ಮತ್ತು ಸೊಂಟದ ಬಲ. ಜಮೀನಿಲ್ಲದ ಮನೆಗೆ ಇದಕ್ಕಿಂತ ಸಲೀಸಾದ ಆದಾಯ ಇನ್ನೊಂದಿಲ್ಲ.

ಇಲ್ಲಿ ಪಹಣಿ ಇಲ್ಲ. ಬೆಳೆ ಸಮೀಕ್ಷೆ ಇಲ್ಲ. ಎಪಿಎಂಸಿ ಬಿಲ್ ಇಲ್ಲ. ಯಾರು, ಯಾವ ದಿಬ್ಬದಿಂದ, ಎಷ್ಟು ತಂದರು ಅಂತ ಬುಟ್ಟಿ ಬುಟ್ಟಿಗೂ ಬರೆದಿಡುವ ರೂಢಿ ಇಲ್ಲ. ಖರೀದಿದಾರ ಅಳೆದು ದುಡ್ಡು ಕೊಟ್ಟರೆ ಅಲ್ಲಿಗೆ ಮುಗೀತು.

ಒಮ್ಮೆ ಎಣಿಸಿದ್ದಕ್ಕೇ ಇಷ್ಟು ಬೆಲೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಘನಾಶಿನಿಯ ಚಿಪ್ಪುಮೀನಿನ ಆರ್ಥಿಕ ಲೆಕ್ಕ ಹಾಕಿ 2008ರಲ್ಲಿ ವರದಿ ಪ್ರಕಟಿಸಿದರು. ವರ್ಷಕ್ಕೆ ಸುಮಾರು 22 ಸಾವಿರ ಟನ್ ಫಸಲು, ಆಗಿನ ದರದಲ್ಲಿ ಸುಮಾರು 5.78 ಕೋಟಿ ರೂಪಾಯಿ ಬೆಲೆ, ನೇರವಾಗಿ ದುಡಿಯುವವರು 2,300ಕ್ಕೂ ಹೆಚ್ಚು ಜನ. ಇದು ಅವರ ಅಂದಾಜು.

ಈ ಸಂಖ್ಯೆ ಯಾಕೆ ಮುಖ್ಯ? ತದಡಿಯ ಸುತ್ತ ಬಂದರಿನ ಪ್ರಸ್ತಾವ ಬಹಳ ಕಾಲದಿಂದ ಇದೆ. 4,000 ಮೆಗಾವಾಟ್‌ನ ಬೃಹತ್ ವಿದ್ಯುತ್ ಸ್ಥಾವರದ ಯೋಜನೆಯೂ ಬಂದಿತ್ತು. ಸ್ಥಳೀಯರ ವಿರೋಧದಿಂದ ಅದು ಮುಂದೆ ಹೋಗಲಿಲ್ಲ. ಇಂಥ ಯೋಜನೆ ಬಂದಾಗ ಕಾಗದದ ಮೇಲೆ ಒಂದು ಕಡೆ ಮೆಗಾವಾಟ್, ಕೋಟಿಗಟ್ಟಲೆ ಬಂಡವಾಳ, ಉದ್ಯೋಗದ ಸಂಖ್ಯೆ ಇರುತ್ತದೆ. ಇನ್ನೊಂದು ಕಡೆ "ಅಲ್ಲಿ ಒಂದಿಷ್ಟು ಜನ ಚಿಪ್ಪು ಹೆಕ್ಕುತ್ತಾರೆ" ಅಂತ ಇರುತ್ತದೆ. "ಒಂದಿಷ್ಟು ಜನ" ಅನ್ನುವುದಕ್ಕೆ ಯಾವ ಕಚೇರಿಯಲ್ಲೂ ತೂಕ ಇಲ್ಲ. "2,300 ಜನ, 22 ಸಾವಿರ ಟನ್" ಅಂದರೆ ಮಾತು ಬೇರೆ ಆಗುತ್ತದೆ.

ಆದರೆ ಅದು ಒಂದು ಕಾಲದ ಫೋಟೊ. 2008ರ ಫೋಟೊ ತೋರಿಸಿ 2025ರ ಮುಖ ಹೀಗಿದೆ ಅನ್ನೋಕೆ ಆಗಲ್ಲ. ಆಮೇಲೆ ಬಳಚು ಜಾಸ್ತಿ ಆಯಿತೋ, ಕಡಿಮೆ ಆಯಿತೋ, ಯಾವ ದಿಬ್ಬದಲ್ಲಿ ಆಯಿತು, ಯಾವ ಮಳೆಗಾಲದ ನಂತರ ಆಯಿತು ಅಂತ ಹೇಳಬೇಕಾದರೆ ವರ್ಷ ವರ್ಷದ ಸಾಲು ಬೇಕು. ಆ ಸಾಲನ್ನು ಬೆಂಗಳೂರಿನಿಂದ ಬಂದವರು ದಿನಾ ಕೂತು ಬರೆಯೋಕೆ ಸಾಧ್ಯವಿಲ್ಲ. ದಿನಾ ನೀರಿಗೆ ಇಳಿಯುವವರಿಗೆ ಮಾತ್ರ ಸಾಧ್ಯ.

ಇನ್ನೊಂದು ವಿಚಿತ್ರ ನೋಡ್ರಿ. ಅಳಿವೆಯ ತಳದಲ್ಲಿ ನೂರಾರು ವರ್ಷಗಳಿಂದ ಬಿದ್ದ ಸತ್ತ ಚಿಪ್ಪಿನ ರಾಶಿ ಇದೆ. ಸುಣ್ಣಕ್ಕೆ, ಕೋಳಿ ಮೇವಿನ ಪುಡಿಗೆ ಅದನ್ನು ತೆಗೆಯುತ್ತಾರೆ. ಅದು ಖನಿಜ. ಅದಕ್ಕೆ ಗುತ್ತಿಗೆ ಇದೆ, ಟನ್ ಲೆಕ್ಕ ಇದೆ, ರಾಯಲ್ಟಿ ಇದೆ. ಅದೇ ಹೊಳೆಯ ಜೀವಂತ ಬಳಚಿಗೆ ಒಂದು ಚೀಟಿಯೂ ಇಲ್ಲ. ಸರ್ಕಾರದ ಕಡತದಲ್ಲಿ ಸತ್ತ ಚಿಪ್ಪು ಬದುಕಿದೆ, ಬದುಕಿದ ಬಳಚು ಕಾಣುವುದೇ ಇಲ್ಲ.

ಕಾನೂನು ಇಲ್ಲವೇ? ಇದೆ. 1986ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಇದೆ. ಅದರ ಗಮನ ಮುಖ್ಯವಾಗಿ ದೋಣಿ, ಪರವಾನಗಿ, ಬಲೆಯ ಮೇಲೆ. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ಬುಟ್ಟಿ ಹಿಡಿದು ನಿಂತ ಹೆಣ್ಣುಮಗಳು ಆ ಚೌಕಟ್ಟಿನಲ್ಲಿ ಸರಿಯಾಗಿ ಕೂರುವುದಿಲ್ಲ.

ಅಷ್ಟಮುಡಿಯವರು ದಾರಿ ತೋರಿಸಿದ್ದಾರೆ

ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ಅಷ್ಟಮುಡಿ ಹಿನ್ನೀರು ಇದೆ. ಅದೂ ರಾಮ್ಸಾರ್ ತಾಣ, 2002ರಿಂದ. ಅಲ್ಲಿ 1980ರ ದಶಕದ ಆರಂಭದಲ್ಲಿ ಬಳಚನ್ನು ವ್ಯಾಪಾರಕ್ಕಾಗಿ ತೆಗೆಯುವುದು ಶುರುವಾಯಿತು. ಹೊರದೇಶದ ಬೇಡಿಕೆ ಬಂತು. 1991ರಲ್ಲಿ ವರ್ಷಕ್ಕೆ ಸುಮಾರು 10 ಸಾವಿರ ಟನ್‌ವರೆಗೂ ಹೋಯಿತು. 1993ಕ್ಕೆ ಅರ್ಧಕ್ಕೆ ಇಳಿಯಿತು. ಎರಡೇ ವರ್ಷದಲ್ಲಿ!

ಸಂಖ್ಯೆ ಇದ್ದುದರಿಂದ ಕುಸಿತ ಕಂಡಿತು. ಕಂಡಿದ್ದರಿಂದ ಮಾತುಕತೆ ಶುರುವಾಯಿತು. ಮೀನುಗಾರರು, ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಅಧಿಕಾರಿಗಳು ಕೂತು ನಿಯಮ ಮಾಡಿಕೊಂಡರು. ಆ ನಿಯಮಗಳು ಎಷ್ಟು ಸರಳ ಅಂತ ಗಮನಿಸಿ:

- ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮರಿ ಮಾಡುವ ಕಾಲ, ಆಗ ಬಳಚು ತೆಗೆಯುವಂತಿಲ್ಲ.
- ಬಲೆಯ ಕಣ್ಣು 30 ಮಿಲಿಮೀಟರ್‌ಗಿಂತ ಚಿಕ್ಕದಿರಬಾರದು. ಸಣ್ಣ ಬಳಚು ಜಾರಿ ಕೆಳಗೆ ಬೀಳಬೇಕು.
- ರಫ್ತಿಗೆ ಹೋಗುವ ಬಿಡಿಸಿದ ಮಾಂಸ ಒಂದು ಕೆಜಿಗೆ 1,400 ಎಣಿಕೆಗಿಂತ ಹೆಚ್ಚು ಇರಬಾರದು. ಎಣಿಕೆ ಹೆಚ್ಚಾದರೆ ಬಳಚು ಚಿಕ್ಕದು ಅಂತ ಅರ್ಥ.
- ಯಂತ್ರ ಹಚ್ಚಿ ತೆಗೆಯುವಂತಿಲ್ಲ.

ಯಾವುದಕ್ಕೂ ಲ್ಯಾಬ್ ಬೇಡ, ಆ್ಯಪ್ ಬೇಡ. ಕ್ಯಾಲೆಂಡರ್, ಅಳತೆಪಟ್ಟಿ, ತಕ್ಕಡಿ ಸಾಕು. ದಡದ ಮೇಲೆ ನಿಂತು ಯಾರು ಬೇಕಾದರೂ ಪರೀಕ್ಷೆ ಮಾಡಬಹುದು. ಹೊಲದಲ್ಲಿ ನಿಂತು ಪರೀಕ್ಷಿಸಲು ಬರುವ ನಿಯಮವನ್ನೇ ರೈತ ಪಾಲಿಸುತ್ತಾನೆ. ಅದು ನನ್ನ ಅನುಭವ ಕೂಡ.

2014ರ ನವೆಂಬರ್‌ನಲ್ಲಿ ಅಷ್ಟಮುಡಿಯ ಈ ಬಳಚು ಮೀನುಗಾರಿಕೆಗೆ ಎಂಎಸ್‌ಸಿ, ಅಂದರೆ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಸುಸ್ಥಿರತೆಯ ಪ್ರಮಾಣಪತ್ರ ಸಿಕ್ಕಿತು. ಭಾರತದಲ್ಲಿ ಅದನ್ನು ಪಡೆದ ಮೊದಲ ಮೀನುಗಾರಿಕೆ ಅದೇ. ಅದರ ಮೇಲ್ವಿಚಾರಣೆಗೆ ಅವರದೇ ಒಂದು ಆಡಳಿತ ಮಂಡಳಿಯೂ ಇದೆ. ಮೊದಲು ಲೆಕ್ಕ, ಆಮೇಲೆ ನಿಯಮ, ಕೊನೆಗೆ ಪ್ರಮಾಣಪತ್ರ. ಈ ಕ್ರಮ ಮುಖ್ಯ.

ಹಾಗಂತ ಅಷ್ಟಮುಡಿಯ ತಿಂಗಳುಗಳನ್ನು ತಂದು ಅಘನಾಶಿನಿಗೆ ಹಚ್ಚಿದರೆ ತಪ್ಪಾಗುತ್ತದೆ. ಮಳೆ ಯಾವಾಗ ನಿಲ್ಲುತ್ತದೆ, ಹೊಳೆಯಲ್ಲಿ ಎಷ್ಟು ಸಿಹಿನೀರು ಬರುತ್ತದೆ, ಉಪ್ಪು ಯಾವಾಗ ಏರುತ್ತದೆ ಅನ್ನುವುದರ ಮೇಲೆ ಬಳಚು ಮರಿ ಮಾಡುವ ಕಾಲ ನಿಂತಿದೆ. ಬಳಚಿನಲ್ಲೂ ಜಾತಿ ಬೇರೆ ಬೇರೆ. ಧಾರವಾಡದ ಶಿಫಾರಸನ್ನು ಹಾಗೇ ಮುಂಡರಗಿಯ ಎರೆಹೊಲಕ್ಕೆ ಹಚ್ಚಿದ ಹಾಗಾಗುತ್ತದೆ. ಸ್ಥಳೀಯ ಲೆಕ್ಕ ಬೇಕು ಅನ್ನೋದು ಅದಕ್ಕೇ.

ಬುಟ್ಟಿ ತುಂಬಿದರೂ ಫಸಲು ಕಡಿಮೆ ಆಗಿರಬಹುದು

ಇದು ಈ ಲೇಖನದ ಅತಿ ಮುಖ್ಯ ಪಾಠ. ಬಳಚಿಗೂ ನಮ್ಮ ಹೊಲಕ್ಕೂ ಒಂದೇ.

ಒಬ್ಬಾಕೆ ದಿನಕ್ಕೆ 20 ಕೆಜಿ ಬಳಚು ತರುತ್ತಾಳೆ ಅಂದುಕೊಳ್ಳಿ. ಹೋದ ವರ್ಷ 20, ಈ ವರ್ಷವೂ 20. ತೂಕ ಮಾತ್ರ ಬರೆದಿದ್ದರೆ "ಏನೂ ಬದಲಾಗಿಲ್ಲ" ಅಂತ ಕಾಣುತ್ತದೆ. ತಾಸು ಕೂಡ ಬರೆದಿದ್ದರೆ? ಹೋದ ವರ್ಷ 2 ತಾಸಿನಲ್ಲಿ ಬುಟ್ಟಿ ತುಂಬಿತ್ತು, ತಾಸಿಗೆ 10 ಕೆಜಿ. ಈ ವರ್ಷ 4 ತಾಸು ಬೇಕಾಯಿತು, ತಾಸಿಗೆ 5 ಕೆಜಿ. ಬುಟ್ಟಿ ಅಷ್ಟೇ, ಆದರೆ ದಿಬ್ಬದಲ್ಲಿ ಬಳಚು ತೆಳ್ಳಗಾಗಿದೆ. ಮೀನುಗಾರಿಕೆಯ ವಿಜ್ಞಾನಿಗಳು ಮೊದಲು ನೋಡುವುದು ಈ ಅಂಕಿಯನ್ನೇ, ಎಷ್ಟು ಶ್ರಮಕ್ಕೆ ಎಷ್ಟು ಫಸಲು ಅಂತ.

ಒಟ್ಟು ತೂಕ ಬೀಳುವ ಹೊತ್ತಿಗೆ ತಡ ಆಗಿರುತ್ತದೆ. ತಾಸಿನ ಲೆಕ್ಕ ಮುಂಚೆಯೇ ಎಚ್ಚರಿಸುತ್ತದೆ.

ನಮ್ಮ ಬೋರ್‌ವೆಲ್‌ಗೂ ಇದನ್ನೇ ಹಚ್ಚಿ ನೋಡಿ. "ನಮ್ಮ ಬೋರ್ ಇನ್ನೂ ಎರಡು ಎಕರೆ ಉಳ್ಳಾಗಡ್ಡಿ ಸಾಕುತ್ತದೆ" ಅಂತ ಹೇಳ್ತೀವಿ. ಆದರೆ ಮೊದಲು 5 ತಾಸಿಗೆ ಹಾಯುತ್ತಿದ್ದ ಹೊಲಕ್ಕೆ ಈಗ 8 ತಾಸು ಬೇಕಾಗಿದ್ದರೆ ನೀರು ಇಳಿಯುತ್ತಿದೆ ಅಂತಲೇ ಅರ್ಥ. ಮೆಣಸಿನಕಾಯಿ ಬಿಡಿಸುವಾಗ ಒಂದು ಆಳಿಗೆ ದಿನಕ್ಕೆ ಎಷ್ಟು ಕೆಜಿ ಬಂತು ಅಂತ ಬರೆದರೆ, ಎಷ್ಟನೇ ಬಿಡಿಸುವಿಕೆಗೆ ಕೂಲಿ ಮೈಮೇಲೆ ಬರುತ್ತದೆ ಅಂತ ಗೊತ್ತಾಗುತ್ತದೆ. ಒಟ್ಟು ಕ್ವಿಂಟಲ್ ಮಾತ್ರ ಬರೆದರೆ ಇದ್ಯಾವುದೂ ಕಾಣಲ್ಲ.

ತಿನ್ನುವವರಿಗೂ ಲೆಕ್ಕ ಬೇಕು

ಬಳಚು ನೀರನ್ನು ಸೋಸಿ ಆಹಾರ ತಿನ್ನುವ ಜೀವಿ. ನೀರಿನಲ್ಲಿ ಏನಿದೆಯೋ ಅದು ಅದರ ಹೊಟ್ಟೆ ಸೇರುತ್ತದೆ. ಚರಂಡಿ ನೀರು ಬಂದರೆ ರೋಗಾಣು, ಕಾರ್ಖಾನೆ ನೀರು ಬಂದರೆ ಲೋಹ.

ಅಮೆರಿಕದಲ್ಲಿ 1924-25ರ ಚಳಿಗಾಲದಲ್ಲಿ ಕೊಳಕು ನೀರಿನ ಸಿಂಪಿಯಿಂದ ಟೈಫಾಯ್ಡ್ ಹರಡಿತು. ಸುಮಾರು 1,500 ಜನರಿಗೆ ರೋಗ ಬಂತು, ಸುಮಾರು 150 ಜನ ಸತ್ತರು. ಜನ ಸಿಂಪಿ ಕೊಳ್ಳುವುದನ್ನೇ ನಿಲ್ಲಿಸಿದರು. ಶುದ್ಧ ನೀರಿನಲ್ಲಿ ಹಿಡಿಯುತ್ತಿದ್ದವರ ವ್ಯಾಪಾರವೂ ಬಿತ್ತು. ಯಾಕಂದ್ರೆ ಯಾವುದು ಎಲ್ಲಿಯದು ಅಂತ ತೋರಿಸಲು ಅವರ ಕೈಯಲ್ಲಿ ಏನೂ ಇರಲಿಲ್ಲ. ಅಲ್ಲಿಂದಾಚೆಗೆ ಬಂದ ವ್ಯವಸ್ಥೆಯಲ್ಲಿ ಪ್ರತಿ ಚೀಲಕ್ಕೂ ಒಂದು ಚೀಟಿ ಕಟ್ಟಬೇಕು. ಯಾರು ತೆಗೆದರು, ಯಾವ ಜಾಗ, ಯಾವ ದಿನಾಂಕ ಎಲ್ಲ ಅದರಲ್ಲಿರುತ್ತದೆ. ಹೋಟೆಲಿನವರು ಮಾಲು ಮುಗಿದ ಮೇಲೂ ಆ ಚೀಟಿಯನ್ನು 90 ದಿನ ಜೋಪಾನ ಮಾಡಬೇಕು. ಯಾರಿಗಾದರೂ ಕಾಯಿಲೆ ಬಂದರೆ ಆ ಒಂದು ಜಾಗವನ್ನು ಮಾತ್ರ ಮುಚ್ಚುತ್ತಾರೆ. ಉಳಿದವರ ಅನ್ನ ಉಳಿಯುತ್ತದೆ.

ಸಾವಯವ ಮಾಡುವ ನಮಗೆ ಇದು ಹೊಸದಲ್ಲ. ನನ್ನ ಹೊಲದ ಡೈರಿಯಲ್ಲಿ ಪ್ಲಾಟಿನ ನಂಬರ್, ಬೀಜ ಎಲ್ಲಿಯದು, ಏನು ಸಿಂಪಡಿಸಿದೆ, ಯಾವತ್ತು ಕಟಾವು, ಯಾರಿಗೆ ಎಷ್ಟು ಚೀಲ ಅಂತ ಬರೀತೀನಿ. ರಾಷ್ಟ್ರೀಯ ಸಾವಯವ ಕಾರ್ಯಕ್ರಮ ಎನ್‌ಪಿಒಪಿ ನಿಯಮಗಳಲ್ಲಿ ಕಾಡಿನಿಂದ ಸಂಗ್ರಹಿಸಿದ ಸಸ್ಯ ಉತ್ಪನ್ನಕ್ಕೆ ಪ್ರತ್ಯೇಕ ಭಾಗವೇ ಇದೆ. ಅಲ್ಲೂ ಇದೇ ತತ್ವ: ಎಲ್ಲಿಂದ, ಯಾರು, ಎಷ್ಟು, ಮತ್ತು ತಂದ ಮೇಲೂ ಆ ಗಿಡ ಅಲ್ಲಿ ಉಳಿಯುತ್ತದೆಯೇ?

"ಬರದಿಟ್ರ ಸರ್ಕಾರ ಬರತೈತಿ"

ಲೆಕ್ಕದ ಮಾತು ತೆಗೆದಾಗಲೆಲ್ಲ ನಮ್ಮ ಕಡೆ ಹಿರಿಯರು ಹೇಳೋದು ಒಂದೇ: "ಬರದಿಟ್ಟು ಏನ್ ಮಾಡ್ತಿ ತಮ್ಮಾ? ಬರದ್ರ ನಾಳೆ ಟ್ಯಾಕ್ಸ್ ಹಾಕ್ತಾರ, ಇಲ್ಲಾ ಬಂದ್ ಮಾಡ್ತಾರ." ಈ ಭಯವನ್ನು ನಾನು ತಳ್ಳಿಹಾಕಲ್ಲ. ಬಡವರ ಲೆಕ್ಕ ಬಡವರ ವಿರುದ್ಧವೇ ತಿರುಗಿದ ಉದಾಹರಣೆ ಬಹಳ ಇವೆ. ಬಳಚು ಎಲ್ಲಿ ದಟ್ಟವಾಗಿದೆ ಅಂತ ಬರೆದು ಊರಿಗೆಲ್ಲ ಹೇಳಿದರೆ ಹೊರಗಿನವರು ಯಂತ್ರ ತಂದು ಬಾಚಿಕೊಂಡು ಹೋಗುವ ಅಪಾಯವೂ ಇದೆ.

ಆದರೆ ಬರೆಯದೇ ಇದ್ದರೆ ಸರ್ಕಾರ ಬರಲ್ಲ ಅಂತೇನಿಲ್ಲ. ಬರುತ್ತದೆ, ಬರಿಗೈಯಲ್ಲಿ ಸಿಕ್ಕ ನಮ್ಮನ್ನು ನೋಡಿ ತನಗೆ ತಿಳಿದಂತೆ ಮಾಡುತ್ತದೆ. ನಮ್ಮ ಕಪ್ಪತಗುಡ್ಡವನ್ನೇ ನೋಡಿ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಿಗೆ ಹಬ್ಬಿದ ಆ ಗುಡ್ಡ 2015ರಲ್ಲಿ ಸಂರಕ್ಷಿತ ಪ್ರದೇಶ ಆಯಿತು, 2016ರಲ್ಲಿ ಆ ಆದೇಶ ವಾಪಸ್ ಆಯಿತು, ಜನ ಹೋರಾಡಿದ ಮೇಲೆ 2017ರಲ್ಲಿ ಮತ್ತೆ ಬಂತು, 2019ರಲ್ಲಿ ವನ್ಯಜೀವಿಧಾಮ ಆಯಿತು. ಗುಡ್ಡ ಉಳಿದದ್ದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ವನ್ಯಜೀವಿಧಾಮ ಅಂದಮೇಲೆ ಒಳಗಿಂದ ಬೇರು, ತೊಗಟೆ, ಸೊಪ್ಪು ತರುವುದಕ್ಕೆ ಕಾನೂನು ಬಿಗಿ. ಹಿಂದಿನಿಂದ ಔಷಧಿ ಗಿಡ ತರುತ್ತಿದ್ದ ಮನೆಯವರು "ನಾವು ಇಷ್ಟೇ ತರುತ್ತಿದ್ದೆವು, ಇಷ್ಟು ವರ್ಷ ತಂದರೂ ಗಿಡ ಕಡಿಮೆ ಆಗಿಲ್ಲ" ಅಂತ ತೋರಿಸಬೇಕಾದರೆ ಕೈಯಲ್ಲಿ ಏನಿದೆ? ಬಾಯಿಮಾತು ಇದೆ. ಕಚೇರಿಯಲ್ಲಿ ಬಾಯಿಮಾತಿಗೆ ಕುರ್ಚಿ ಸಿಗಲ್ಲ.

ಬೆಳೆ ಸಮೀಕ್ಷೆಯ ವಿಷಯದಲ್ಲೂ ಇದನ್ನು ನಾವು ದಿನಾ ನೋಡ್ತೀವಿ. ಹೊಲದಲ್ಲಿ ಹೆಸರು ಇರುತ್ತದೆ, ಸಮೀಕ್ಷೆಯಲ್ಲಿ ಗೋವಿನಜೋಳ ಅಂತ ಬಿದ್ದಿರುತ್ತದೆ. ವಿಮೆಗೆ ಹೋದಾಗ ಕಾಗದವೇ ಮಾತಾಡುತ್ತದೆ, ಹೊಲ ಮಾತಾಡಲ್ಲ. ದಿನಾಂಕ ಇರುವ ಒಂದು ಫೋಟೊ, ಬಿತ್ತನೆ ಬೀಜದ ಬಿಲ್ಲು ಇದ್ದವನು ಆಕ್ಷೇಪಣೆ ಹಾಕಿ ಗಟ್ಟಿಯಾಗಿ ಕೂರುತ್ತಾನೆ. ಇಲ್ಲದವನು ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ.

ನಿಯಮ ಹೇಗಿರಬೇಕು?

ನಾಳೆ ಅಘನಾಶಿನಿ ರಾಮ್ಸಾರ್ ತಾಣ ಅಂತ ಬಳಚಿಗೆ ನಿಯಮ ಮಾಡುವ ಮಾತು ಬಂದರೆ, ಮೇಲಿನಿಂದ ಒಂದು ಆದೇಶ ಇಳಿಯುವುದು ಸುಲಭ. ಪರವಾನಗಿ, ಗುರುತಿನ ಚೀಟಿ, ಇಂಗ್ಲಿಷ್‌ನ ಆ್ಯಪ್, ದಂಡ. ಆಗ ಮೊದಲು ಹೊರಗೆ ಬೀಳುವವರು ಬುಟ್ಟಿ ಹಿಡಿದ ಹೆಣ್ಣುಮಕ್ಕಳೇ. ರಾಮ್ಸಾರ್ ಒಪ್ಪಂದ ಮಾತ್ರ "ಮುಟ್ಟಬೇಡಿ" ಅಂತ ಹೇಳುವುದಿಲ್ಲ. ಅದರಲ್ಲಿ ಬರುವ ಮಾತು ವಿವೇಕದ ಬಳಕೆ. ಬಳಸಬಹುದು, ಉಳಿಯುವಂತೆ ಬಳಸಬೇಕು. ಮಾಗಡಿ ಕೆರೆಯೂ ಹಕ್ಕಿಗಾಗಿ ಕಟ್ಟಿದ ಕೆರೆಯಲ್ಲ, ನೀರಾವರಿಗೆ ಕಟ್ಟಿದ್ದು. ಹಕ್ಕಿ ಆಮೇಲೆ ಬಂದವು.

ನನ್ನ ಪ್ರಕಾರ ಕ್ರಮ ಹೀಗಿರಬೇಕು. ಮೊದಲ ಎರಡು ವರ್ಷ ಬರೀ ಲೆಕ್ಕ. ದಂಡ ಇಲ್ಲ, ನಿಷೇಧ ಇಲ್ಲ. ಬಳಚು ತೆಗೆಯುವವರ ಸಂಘಗಳೇ ಕನ್ನಡದಲ್ಲಿ ವಹಿ ಇಡಲಿ. ಬರೆಯುವ ಕೆಲಸಕ್ಕೆ ಪ್ರತಿ ಊರಲ್ಲಿ ಓದಿದ ಒಬ್ಬ ಹುಡುಗಿಗೆ ಗೌರವಧನ ಸಿಗಲಿ. ತಾಲ್ಲೂಕಿಗೆ ಹೋಗುವುದು ಒಟ್ಟು ಮೊತ್ತ ಮಾತ್ರ. ಯಾವ ದಿಬ್ಬ, ಯಾರು ಅನ್ನುವ ವಿವರ ಊರಲ್ಲೇ ಉಳಿಯಲಿ. ಎರಡು ವರ್ಷದ ಸಾಲು ಕೈಗೆ ಬಂದಮೇಲೆ ಸಂಘ, ಮೀನುಗಾರಿಕೆ ಇಲಾಖೆ, ವಿಜ್ಞಾನಿಗಳು ಕೂತು ಗಾತ್ರದ ನಿಯಮ, ಬಿಡುವಿನ ತಿಂಗಳು ನಿರ್ಧರಿಸಲಿ. ಬಿಡುವಿನ ತಿಂಗಳಲ್ಲಿ ಒಲೆ ಹೇಗೆ ಉರಿಯಬೇಕು ಅನ್ನುವುದಕ್ಕೂ ಅದೇ ಸಭೆಯಲ್ಲಿ ಉತ್ತರ ಬೇಕು. ಅದಿಲ್ಲದ ನಿಷೇಧ ಕಳ್ಳತನವನ್ನು ಕಲಿಸುತ್ತದೆ ಅಷ್ಟೇ.

ಇದಕ್ಕೆ ಹೊಸ ಕಾನೂನೂ ಬೇಡ. 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಪ್ರತಿ ಸ್ಥಳೀಯ ಸಂಸ್ಥೆಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ, ಆ ಸಮಿತಿಗೆ ಒಂದು ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು ಅಂತ ಇದೆ. ವ್ಯಾಪಾರಕ್ಕಾಗಿ ಸಂಗ್ರಹಿಸುವವರಿಂದ ಶುಲ್ಕ ಪಡೆಯುವ ಅಧಿಕಾರವೂ ಆ ಸಮಿತಿಗೆ ಇದೆ. ಈ ದಾಖಲಾತಿ ಮುಗಿಸಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವನ್ನೂ ಕೊಟ್ಟಿತ್ತು. ಆದರೆ ಗಡುವಿಗಾಗಿ ಒಮ್ಮೆ ತುಂಬಿಸಿ ಬೀರುವಿನಲ್ಲಿ ಇಟ್ಟ ಪುಸ್ತಕದಿಂದ ಏನೂ ಆಗಲ್ಲ. ಪ್ರತಿ ವರ್ಷ ಹೊಸ ಸಾಲು ಸೇರಿದರೆ ಅದು ದಾಖಲೆ.

ಗದಗದ ಹುಡುಗರು ಏನು ಮಾಡಬಹುದು?

ಫೋನ್ ನಿಮ್ಮ ಕೈಯಲ್ಲಿದೆ. ವಾಟ್ಸ್ಆ್ಯಪ್ ಗುಂಪನ್ನು ಮಾತ್ರ ವಹಿ ಅಂತ ತಿಳಿಯಬೇಡಿ. ಫೋನ್ ಬದಲಾದರೆ ಎಲ್ಲ ಹೋಗುತ್ತದೆ. ಒಂದು ನೋಟ್‌ಬುಕ್ ತಗೊಳ್ಳಿ, ವಾರಕ್ಕೊಮ್ಮೆ ಆ ಪುಟದ ಫೋಟೊ ತೆಗೆದು ಇಮೇಲಿಗೆ ಕಳಿಸಿಕೊಳ್ಳಿ. ಎರಡು ಕಡೆ ಉಳಿಯುತ್ತದೆ.

ನೋಟ್‌ಬುಕ್ಕಿನಲ್ಲಿ ಆರು ಕಾಲಂ ಸಾಕು:

1. ದಿನಾಂಕ
2. ಜಾಗ (ಪ್ಲಾಟ್, ಸರ್ವೆ ನಂಬರ್, ಗುಡ್ಡದ ಭಾಗ, ಕೆರೆಯ ದಂಡೆ)
3. ಎಷ್ಟು (ತೂಕದಲ್ಲಿ, "ಎರಡು ಚೀಲ" ಅಂತ ಬರೆದರೆ ಚೀಲದ ತೂಕವನ್ನೂ ಒಮ್ಮೆ ಬರೆದಿಡಿ)
4. ಎಷ್ಟು ಜನ, ಎಷ್ಟು ತಾಸು
5. ಗಾತ್ರ, ಗುಣಮಟ್ಟ, ವಿಶೇಷ (ಮಳೆ, ರೋಗ, ಹಕ್ಕಿ ಕಾಟ)
6. ಯಾರಿಗೆ, ಯಾವ ದರಕ್ಕೆ

ನಾಲ್ಕನೇ ಕಾಲಂ ಬಿಡಬೇಡಿ. ಎಲ್ಲರೂ ಬಿಡುವುದು ಅದನ್ನೇ, ಹೆಚ್ಚು ಕಲಿಸುವುದೂ ಅದೇ.

ಒಬ್ಬರೇ ಬರೆದರೆ ಬೇಸರ ಬರುತ್ತದೆ, ನಾಲ್ಕು ವಾರಕ್ಕೆ ನಿಲ್ಲುತ್ತದೆ. ಐದು ಜನ ಸೇರಿ. ಪಿಜಿಎಸ್-ಇಂಡಿಯಾ ಪದ್ಧತಿಯಲ್ಲಿ ಸಾವಯವ ಪ್ರಮಾಣಪತ್ರಕ್ಕೆ ಕನಿಷ್ಠ ಐದು ರೈತರ ಗುಂಪು ಬೇಕು. ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಬರೆಯಬೇಕು. ಪ್ರಮಾಣಪತ್ರ ಬೇಡದವರಿಗೂ ಆ ಪದ್ಧತಿ ಒಳ್ಳೆಯದು. ಪಕ್ಕದ ಹೊಲದವನು ನೋಡ್ತಾನೆ ಅಂದರೆ ಸುಳ್ಳು ಬರೆಯೋದು ಕಷ್ಟ.

ಕಪ್ಪತಗುಡ್ಡದ ಅಂಚಿನ ಊರಿನವರು, ಮಾಗಡಿ ಕೆರೆಯ ಸುತ್ತಲಿನವರು ಇನ್ನೊಂದು ಕೆಲಸ ಮಾಡಿ. ಪಂಚಾಯಿತಿಗೆ ಹೋಗಿ ನಿಮ್ಮ ಊರಿನ ಜೀವವೈವಿಧ್ಯ ದಾಖಲಾತಿ ತೋರಿಸಿ ಅಂತ ಕೇಳಿ. ಅದರಲ್ಲಿ ನಿಮ್ಮ ಊರಿನವರು ತರುವ ಗಿಡ, ಸೊಪ್ಪು, ಮೇವು, ಮೀನು ಇದೆಯಾ ನೋಡಿ. ಇಲ್ಲದಿದ್ದರೆ ಸೇರಿಸಿ ಅಂತ ಗ್ರಾಮಸಭೆಯಲ್ಲಿ ಬರೆದು ಕೊಡಿ. ಹೆಬ್ಬಾತು ಯಾವ ತಿಂಗಳಲ್ಲಿ ಯಾರ ಹೊಲಕ್ಕೆ ಇಳಿದವು, ಎಷ್ಟು ಬೆಳೆ ಹೋಯಿತು ಅಂತಲೂ ಬರೆದಿಡಿ. ಪರಿಹಾರದ ಮಾತು ಬಂದಾಗ ಅದೇ ಕೆಲಸಕ್ಕೆ ಬರುತ್ತದೆ.

ಅಘನಾಶಿನಿಯ ಬಳಚು ಬಗೆಯುವ ಅಕ್ಕಂದಿರಿಗೂ, ಶಿರಹಟ್ಟಿಯ ಶೇಂಗಾ ಬೆಳೆಯುವ ಹುಡುಗನಿಗೂ ಇರುವ ತೊಂದರೆ ಒಂದೇ. ದುಡಿಮೆ ಇದೆ, ಅದಕ್ಕೆ ಸಾಕ್ಷಿ ಇಲ್ಲ. ಸಾಕ್ಷಿ ತಯಾರಿಸಲು ಖರ್ಚು ಒಂದು ನೋಟ್‌ಬುಕ್, ಒಂದು ಪೆನ್ನು, ದಿನಕ್ಕೆ ಐದು ನಿಮಿಷ. ಈ ಹಿಂಗಾರಿಯ ಕಡಲೆ ಬಿತ್ತುವ ದಿನವೇ ಮೊದಲ ಸಾಲು ಬರೆಯಿರಿ. ಯುಗಾದಿ ಹೊತ್ತಿಗೆ ನಿಮ್ಮ ವಹಿಯಲ್ಲಿ ಏನು ಕಂಡಿತು ಅಂತ ನನಗೂ ಬರೆದು ತಿಳಿಸಿ.